ಅಜ್ಜಮಾಡ ದೇವಯ್ಯನವರಿಗೆ ಪದಕ ಸಿಗಲು 23 ವರ್ಷ ಯಾಕೆ ಹಿಡಿಯಿತು?

ಹುಣಸೂರು ರಸ್ತೆ:
ಮೊನ್ನೆ ಮಡಿಕೇರಿಗೆ ಹೋಗಿದ್ದೆವು. ಅಲ್ಲಿ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಪ್ರತಿಮೆ ಕಂಡು ಮಗಳು ಯಾರಿವರು ಎಂದಳು. ಫೋನಿನಲ್ಲಿ ಹುಡುಕಿದೆ. ತೀರಿಕೊಂಡಿದ್ದು ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ, 1965ರ ಸೆಪ್ಟೆಂಬರ್ 7ರಂದು, ಮಹಾವೀರ ಚಕ್ರ ಬಂದಿದ್ದು 1988ರಲ್ಲಿ. "ಇಷ್ಟು ಲೇಟಾ ಅಪ್ಪಾ?" ಎಂದಳು. ಸರ್ಕಾರಿ ಫೈಲ್ ಅಂದರೆ ಹಾಗೇ ಪುಟ್ಟಿ ಅಂತ ಹೇಳಿ ಜಾರಿಕೊಂಡೆ. ಸರಿಯಾದ ಕಾರಣ ಯಾರಿಗಾದರೂ ಗೊತ್ತಾ?

ಹಳೇ ಫಿಟ್ಟರ್:
ಫೈಲನ್ನು ಸುಮ್ನೆ ಬೈಯಬೇಡಿ ಸಾರ್. ಅವರ ಕಾದಾಟ ನೋಡಿದವರೇ ನಮ್ಮ ಕಡೆ ಯಾರೂ ಇರಲಿಲ್ಲ.

ನಾನು ವಾಯುಪಡೆಯಲ್ಲಿ ಇಂಜಿನ್ ಫಿಟ್ಟರ್ ಆಗಿದ್ದವನು. ಸೇರಿದ್ದು 1968ರಲ್ಲಿ, ಹಾಗಾಗಿ ಅವರನ್ನು ಕಂಡಿಲ್ಲ. ಆದರೆ ಅವರು ಹಾರಿಸಿದ ಮಿಸ್ಟೇರ್ ವಿಮಾನದ ಮೇಲೆ ಎರಡು ವರ್ಷ ಕೈ ಮಸಿ ಮಾಡಿಕೊಂಡಿದ್ದೇನೆ. ಫ್ರಾನ್ಸ್‌ನದು. ಗಟ್ಟಿ ಗಾಡಿ, ಆದರೆ ಶಬ್ದದ ವೇಗ ದಾಟಬೇಕಾದರೆ ಮೂತಿ ಕೆಳಗೆ ಮಾಡಿ ಧುಮುಕಬೇಕು. ಎದುರಿಗೆ ಬಂದ ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಅಮೆರಿಕದಲ್ಲಿ ಮಾಡಿದ್ದು, ಶಬ್ದದ ಎರಡರಷ್ಟು ವೇಗದ್ದು.

ಹಿಂದಿನ ಸಂಜೆ ಪಾಕಿಸ್ತಾನದವರು ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟಿದ್ದರು. ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ಒಂದನೇ ಸ್ಕ್ವಾಡ್ರನ್ ಪಾಕಿಸ್ತಾನದ ವಾಯುನೆಲೆ ಸರ್ಗೋಧಾ ಮೇಲೆ ದಾಳಿಗೆ ಹೊರಟಿತು. ಹೋಗಬೇಕಾದದ್ದು 12 ವಿಮಾನ. ದೇವಯ್ಯನವರದು ಸ್ಟ್ಯಾಂಡ್‌ಬೈ. ಯಾವುದಾದರೂ ಕೈಕೊಟ್ಟರೆ ಮಾತ್ರ ಅವರ ಸರದಿ. ಒಂದು ಕೈಕೊಟ್ಟಿತು, ಇವರು ಹೋದರು.

ನಮ್ಮಲ್ಲಿ ಫಾರಂ 700 ಅಂತ ಒಂದು ದಾಖಲೆ ಪುಸ್ತಕ. ಪ್ರತಿ ವಿಮಾನಕ್ಕೂ ಒಂದು. ನಾವು ಕೆಲಸ ಮುಗಿಸಿ ಸಹಿ ಹಾಕಬೇಕು, ಪೈಲಟ್ ಹತ್ತುವ ಮೊದಲು ಸಹಿ ಹಾಕಬೇಕು. ಪುಸ್ತಕ ನೆಲದಲ್ಲೇ ಉಳಿಯುತ್ತದೆ. ವಾಪಸ್ ಬರುವ ಹೊತ್ತಿಗೆ ನಾವು ಕತ್ತೆತ್ತಿ ಎಣಿಸುತ್ತಾ ನಿಲ್ಲುತ್ತಿದ್ದೆವು. ಆ ದಿನ ಆದಂಪುರದಲ್ಲೂ ಯಾರೋ ಫಿಟ್ಟರ್ ಹಾಗೇ ಎಣಿಸಿರಬೇಕು. ದೇವಯ್ಯ ಬರಲಿಲ್ಲ. ಬೇರೆಯವರೆಲ್ಲ ಮರದ ತುದಿಯ ಎತ್ತರದಲ್ಲಿ ಮನೆ ಕಡೆ ಓಡುತ್ತಿದ್ದವರು, ಹಿಂದೆ ಏನಾಯಿತೆಂದು ನೋಡಿದವರಿಲ್ಲ. 'ನಾಪತ್ತೆ' ಎಂದು ಬರೆದುಕೊಂಡರು. ಸಾಕ್ಷಿ ಇಲ್ಲದೆ ಪದಕ ಹೇಗೆ ಕೊಡುತ್ತಾರೆ?

ಸಾಕ್ಷಿ ಇದ್ದದ್ದು ಆ ಕಡೆ. ಸ್ಟಾರ್‌ಫೈಟರ್‌ನ ಪೈಲಟ್ ಅಮ್ಜದ್ ಹುಸೇನ್. ಮೊದಲು ಹೊಡೆದದ್ದು ಅವರೇ. ಮಿಸ್ಟೇರ್ ಮುಗಿಯಿತು ಅಂದುಕೊಂಡು ಇನ್ನೊಂದರ ಬೆನ್ನು ಹತ್ತಿದರು. ಏಟು ತಿಂದ ಮಿಸ್ಟೇರ್ ತಿರುಗಿ ಬಂತು. ಸ್ಟಾರ್‌ಫೈಟರ್ ಬಿತ್ತು, ಅಮ್ಜದ್ ಪ್ಯಾರಾಚೂಟ್‌ನಲ್ಲಿ ಇಳಿದರು. ದೇವಯ್ಯ ಉಳಿಯಲಿಲ್ಲ. ಅಲ್ಲಿನ ಹಳ್ಳಿಯವರೇ ಮಣ್ಣು ಮಾಡಿದರು. 1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರ ಪುಸ್ತಕದಲ್ಲಿ ಈ ಕಾದಾಟ ಬಂತು. ಆಗ ನಮ್ಮವರು ಲೆಕ್ಕ ಹಾಕಿದರು: ಆ ಮಿಸ್ಟೇರ್ ದೇವಯ್ಯನವರದೇ ಆಗಿರಬೇಕು. ದಾಳಿಯ ಮುಂದಾಳಾಗಿದ್ದ ಓ.ಪಿ. ತನೇಜಾ ಶಿಫಾರಸು ಮಾಡಿದರು.

ಗಡಿಯಾಚೆ ಈಚೆ:
ಸ್ಟಾರ್‌ಫೈಟರ್ ಬಿದ್ದದ್ದು ಗುಂಡಿನಿಂದಲ್ಲ, ಒಡೆದ ಮಿಸ್ಟೇರ್‌ನ ಚೂರು ಬಡಿದು ಅಂತಲೂ ಕೆಲವರು ಬರೆದಿದ್ದಾರಲ್ಲ? ಅದೂ ಹೇಳಬೇಕಲ್ವಾ?

ಹಳೇ ಫಿಟ್ಟರ್:
ಹೇಳಿ, ತೊಂದರೆ ಇಲ್ಲ. ನನಗೆ ದೊಡ್ಡದು ಅನ್ನಿಸುವುದು ಬೇರೆ. ಮಿಸ್ಟೇರ್‌ಗೆ ಸರ್ಗೋಧಾ ಅಂದರೆ ಹೋಗಿ ಬರಲು ಇಂಧನ ಸರಿಹೋದರೆ ಪುಣ್ಯ. ವಾಪಸ್ಸಿನ ದಾರಿಯಲ್ಲಿ ಕಾದಾಟಕ್ಕೆ ತಿರುಗಿದರೆ ಮನೆ ಮುಟ್ಟುವುದು ಕಷ್ಟ ಅಂತ ಅವರಿಗೆ ಗೊತ್ತಿಲ್ಲದೆ ಇರುತ್ತಾ? ಯುದ್ಧಕ್ಕೆ ಮುಂಚೆ ಅವರು ಹುಡುಗರಿಗೆ ಹಾರಾಟ ಕಲಿಸುತ್ತಿದ್ದ ಮೇಷ್ಟ್ರು. ಆ ಲೆಕ್ಕವನ್ನೇ ಪಾಠ ಮಾಡಿರುತ್ತಾರೆ.

ಕುಟ್ಟದ ಅಕ್ಕ:
ಅವರಿಗೆ ಇನ್ನೂ 33 ತುಂಬಿರಲಿಲ್ಲ. ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಪದಕ ಇಸಕೊಂಡದ್ದು ಹೆಂಡತಿ ಸುಂದರಿ ಅವರು. ನಾಪತ್ತೆ ಅನ್ನುವ ಮಾತು ಎಷ್ಟು ಕೆಟ್ಟದ್ದು ನೋಡಿ, ಸತ್ತರು ಅಂತ ಅಳುವುದಕ್ಕೂ ಬಿಡುವುದಿಲ್ಲ. 2025ರ ಹಿಂದಿ ಸಿನಿಮಾಕ್ಕೆ ಇದೇ ಕಥೆ ಸ್ಫೂರ್ತಿ ಅಂತೆ, ಆದರೆ ಪಾತ್ರದ ಹೆಸರು ಬೇರೆ. ನಮ್ಮ ಮನೆಯಲ್ಲಿ ಅದಕ್ಕೆ ಇನ್ನೂ ಜಗಳ ನಡೆಯುತ್ತದೆ.

ಹುಣಸೂರು ರಸ್ತೆ:
ಎಲ್ಲರಿಗೂ ಥ್ಯಾಂಕ್ಸ್. ಮಗಳಿಗೆ ಓದಿ ಹೇಳಿದೆ. ಆ ಅಮ್ಜದ್ ಏನಾದರು ಅಂತ ಕೇಳುತ್ತಿದ್ದಾಳೆ.

ಹಳೇ ಫಿಟ್ಟರ್:
1971ರ ಯುದ್ಧದಲ್ಲಿ ಅಮೃತಸರದ ಹತ್ತಿರ ನಮ್ಮ ಫಿರಂಗಿ ಅವರನ್ನು ಮತ್ತೆ ಬೀಳಿಸಿತು. ಸೆರೆ ಸಿಕ್ಕು ನಮ್ಮಲ್ಲೇ ಇದ್ದರು.

ಹುಣಸೂರು ರಸ್ತೆ:
ಅಂದರೆ ಸಾಕ್ಷಿ ನಮ್ಮ ಕೈಯಲ್ಲೇ ಇತ್ತು. ಪುಸ್ತಕ ಬಂದಿದ್ದೂ 1979ರಲ್ಲೇ. ಫೈಲ್‌ದೂ ಸ್ವಲ್ಪ ತಪ್ಪಿದೆ ಅಲ್ವಾ ಸಾರ್?

ಹಳೇ ಫಿಟ್ಟರ್:
ಸರಿ, ಕೊನೆಯ 9 ವರ್ಷಕ್ಕೆ ಫೈಲನ್ನು ಬೈದುಕೊಳ್ಳಿ.