ಗೋಲ್ಡ್‌ಫಿಶ್ ಬೆಳಗ್ಗೆ ಮೇಲೆ ಬಂದು ಬಾಯಿ ಬಿಡುತ್ತಿವೆ, ನೀರೆಲ್ಲ ಬೆಳ್ಳಗಾಗಿದೆ

ಪ್ರಶ್ನೆ – ಹೊಸಟ್ಯಾಂಕ್

ಎರಡಡಿ ಟ್ಯಾಂಕ್ (60×30×30 ಸೆಂ.ಮೀ.), ನೀರು 25 ಸೆಂ.ಮೀ. ಎತ್ತರಕ್ಕಿದೆ. ಎರಡು ಒರಾಂಡಾ (ಗೋಲ್ಡ್‌ಫಿಶ್‌ನಲ್ಲೇ ಒಂದು ಬಗೆ) ಬಿಟ್ಟು 12 ದಿನ ಆಯ್ತು. ನೀರೊಳಗೆ ಮುಳುಗಿಸುವ ಪವರ್ ಫಿಲ್ಟರ್ ಇದೆ, ಸದ್ದು ಜಾಸ್ತಿ ಅಂತ ರಾತ್ರಿ ಆಫ್. ಮೂರು ದಿನಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಕಲ್ಲು, ಸ್ಪಂಜ್ ಎಲ್ಲವನ್ನೂ ನಲ್ಲಿ ಕೆಳಗೆ ತಿಕ್ಕಿ ತೊಳೆಯುತ್ತೇವೆ. ಆದರೂ ಮರುದಿನವೇ ನೀರು ಅಕ್ಕಚ್ಚಿನ ಹಾಗೆ. ಬೆಳಗ್ಗೆ ಎರಡೂ ಮೀನು ಮೇಲೆ ಬಾಯಿ ಬಿಡುತ್ತಿರುತ್ತವೆ, ಒಂದರ ಬಾಲದಲ್ಲಿ ಕೆಂಪು ಗೆರೆ ಕಾಣುತ್ತಿದೆ. ಅಂಗಡಿಯವರು ಕೊಟ್ಟ ನೀಲಿ ಔಷಧ 10 ಹನಿ ಹಾಕಿದ್ದೇವೆ. ಬೆಂಗಳೂರು, ಸಂಪಿನ ಕಾವೇರಿ ನೀರು.

ಉತ್ತರ – ಸ್ಪಂಜ್‌ಫಿಲ್ಟರ್

ಔಷಧ ನಿಲ್ಲಿಸಿ. ಈ ಲಕ್ಷಣಗಳಿಗೆ ರೋಗಕ್ಕಿಂತ ನೀರೇ ಕಾರಣವಾಗಿರುವುದು ಹೆಚ್ಚು. ಹನಿ ಹಾಕಿ ನೋಡುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್, ಪಿಹೆಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಮೂರೂ ನೋಡಿ ಅಂಕಿ ಹಾಕಿ. ಬಣ್ಣವನ್ನು ಹಗಲು ಬೆಳಕಲ್ಲಿ, ಬಿಳಿ ಹಾಳೆ ಹಿಂದಿಟ್ಟು ಹೋಲಿಸಿ. ಟ್ಯೂಬ್‌ಲೈಟ್ ಕೆಳಗೆ ಹಳದಿ, ತಿಳಿಹಸಿರು ಒಂದೇ ಥರ ಕಂಡು ಮೋಸ ಹೋಗುತ್ತೀರಿ.

ಫಿಲ್ಟರ್ ಇವತ್ತಿನಿಂದ 24 ಗಂಟೆಯೂ ಓಡಲಿ. ಮೀನಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ಮತ್ತೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಬೆಳೆಯುವುದು ಆ ಸ್ಪಂಜಿನಲ್ಲೇ, ಅದಕ್ಕೆ ಆಮ್ಲಜನಕ ಬೇಕೇ ಬೇಕು. ರಾತ್ರಿ ಆಫ್ ಮಾಡಿದರೆ ಅದೂ ಸೊರಗುತ್ತದೆ, ಮೀನಿಗೂ ಉಸಿರಾಟ ಕಷ್ಟ. ಬೆಳಗ್ಗೆಯೇ ಬಾಯಿ ಬಿಡುವುದಕ್ಕೆ ಕಾರಣ ಅಲ್ಲಿದೆ. ಇನ್ನು ನಲ್ಲಿ ನೀರಿನ ಕ್ಲೋರಿನ್ ತಾಗಿದರೆ ಸ್ಪಂಜ್ ಮತ್ತೆ ಸೊನ್ನೆಯಿಂದ ಶುರು. ಮೂರು ದಿನಕ್ಕೊಮ್ಮೆ ನೀವು ಮಾಡುತ್ತಿರುವುದು ಅದನ್ನೇ.

ಸದ್ದಿಗೆ ಬೇರೆ ದಾರಿ ಇದೆ. ಪ್ಲಗ್ ತೆಗೆದು, ಮೋಟಾರಿನ ಮುಂದಿನ ಮುಚ್ಚಳ ಬಿಚ್ಚಿ ಇಂಪೆಲ್ಲರ್ (ನೀರು ತಳ್ಳುವ ಪುಟ್ಟ ತಿರುಗುರೆಕ್ಕೆ) ಹೊರಗೆಳೆಯಿರಿ. ಅಯಸ್ಕಾಂತದ ಸುತ್ತ ಕಂದು ಲೋಳೆಯೋ ಮರಳಿನ ಕಾಳೋ ಸಿಕ್ಕಿಕೊಂಡಿದ್ದರೆ ಗರಗರ ಅನ್ನುತ್ತದೆ. ಹಳೆ ಟೂತ್‌ಬ್ರಶ್‌ನಲ್ಲಿ ಅದನ್ನೂ ಅದು ಕೂರುವ ಗುಂಡಿಯನ್ನೂ ತಿಕ್ಕಿ. ನಾಲ್ಕೂ ರಬ್ಬರ್ ಬಟ್ಟಲು ಗಾಜಿಗೆ ಕಚ್ಚಿಕೊಂಡಿವೆಯಾ ನೋಡಿ.

ಹೊಸಟ್ಯಾಂಕ್

ಅಮೋನಿಯಾ 2 ಪಿಪಿಎಂ (ಲೀಟರಿಗೆ 2 ಮಿ.ಗ್ರಾಂ), ನೈಟ್ರೈಟ್ 0, ಪಿಹೆಚ್ 8, ನೀರು 25 ಡಿಗ್ರಿ. ಇಂಪೆಲ್ಲರ್ ತೊಳೆದ ಮೇಲೆ ಸದ್ದು ಕಡಿಮೆ ಆಗಿದೆ. ಈಗ ಪೂರ್ತಿ ನೀರು ಬದಲಿಸಬೇಕಾ?

ಉತ್ತರ – ಸ್ಪಂಜ್‌ಫಿಲ್ಟರ್

ಪೂರ್ತಿ ಬೇಡ, ಅರ್ಧ. ನಿಮ್ಮ ಟ್ಯಾಂಕಲ್ಲಿ ನಿಜವಾಗಿ ಇರುವುದು 60×30×25÷1000 = 45 ಲೀಟರ್, ಕಲ್ಲು ಕಳೆದರೆ ಇನ್ನೂ ಕಡಿಮೆ. 22 ಲೀಟರ್ ತೆಗೆದು ಹೊಸದು ಹಾಕಿದರೆ 2 ಇದ್ದದ್ದು 1ಕ್ಕೆ ಬರುತ್ತದೆ, ನಾಳೆ ಮತ್ತೆ ಅಷ್ಟೇ ಮಾಡಿ. ಅಮೋನಿಯಾ 0.5ರ ಕೆಳಗೆ ನಿಲ್ಲುವವರೆಗೂ ದಿನಾ ಇದೇ ಕೆಲಸ. ಪಿಹೆಚ್ 8, 25 ಡಿಗ್ರಿಯಲ್ಲಿ ಒಟ್ಟು ಅಮೋನಿಯಾದ ಸುಮಾರು 5% ನೇರ ವಿಷದ ರೂಪದಲ್ಲಿರುತ್ತದೆ, ಪಿಹೆಚ್ 7ರಲ್ಲಾದರೆ 1% ಕೂಡ ಇರಲ್ಲ. ಟ್ಯಾಂಕಲ್ಲಿ ಚಿಪ್ಪು, ಹವಳ, ಅಮೃತಶಿಲೆ ಚೂರು ಇದ್ದರೆ ತೆಗೆದುಬಿಡಿ, ಅವು ಪಿಹೆಚ್ ಏರಿಸುತ್ತವೆ.

ಹೊಸ ನೀರಿನ ಕ್ಲೋರಿನ್ ತೆಗೆಯದೆ ಹಾಕಬೇಡಿ. ಅಂಗಡಿಯಲ್ಲಿ ಸಿಗುವ ಹರಳು, ಸೋಡಿಯಂ ಥಯೋಸಲ್ಫೇಟ್, 10 ಗ್ರಾಂ ತೂಗಿ ನೀರಲ್ಲಿ ಕರಗಿಸಿ ಒಟ್ಟು 100 ಮಿ.ಲೀ. ಮಾಡಿಟ್ಟುಕೊಳ್ಳಿ. 20 ಲೀಟರ್ ಬಕೆಟ್‌ಗೆ 2 ಮಿ.ಲೀ. ಹಾಕಿ ಕಲಕಿದರೆ ಸಾಮಾನ್ಯ ನಲ್ಲಿ ನೀರಿಗೆ ಸಾಕು. ಸಂಪಿಗೆ ಹೊಸದಾಗಿ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಆ ವಾರ ಆ ನೀರನ್ನು ಮುಟ್ಟಲೇಬೇಡಿ. ಬಕೆಟ್ ನೀರಿಗೂ ಟ್ಯಾಂಕಿಗೂ 2 ಡಿಗ್ರಿಗಿಂತ ವ್ಯತ್ಯಾಸ ಬೇಡ, ಕೈ ಅದ್ದಿ ಅಂದಾಜು ಮಾಡದೆ ಥರ್ಮಾಮೀಟರ್ ಇಡಿ.

ಎರಡು ದಿನ ಆಹಾರ ಪೂರ್ತಿ ನಿಲ್ಲಿಸಿ, ಇಷ್ಟಕ್ಕೆ ಮೀನಿಗೆ ಏನೂ ಆಗಲ್ಲ. ಆಮೇಲೆ ಮುಳುಗುವ ಸಣ್ಣ ಕಾಳು, ದಿನಕ್ಕೆರಡು ಸಲ, ಒಂದು ನಿಮಿಷದಲ್ಲಿ ಮುಗಿಯುವಷ್ಟೇ. ಗೋಲ್ಡ್‌ಫಿಶ್‌ಗೆ ಜಠರ ಅಂತಲೇ ಇಲ್ಲ, ಹಾಕಿದಷ್ಟೂ ಕೇಳುತ್ತದೆ. ನೀರು ಅಕ್ಕಚ್ಚಿನ ಹಾಗಾಗುವುದು ಉಳಿದ ಕಾಳು ಕೊಳೆತು ಬೇರೆ ಬ್ಯಾಕ್ಟೀರಿಯಾ ಮುತ್ತಿದ್ದರಿಂದ, ಆಹಾರ ಕಡಿಮೆ ಮಾಡಿದರೆ ತಾನಾಗಿ ತಿಳಿಯಾಗುತ್ತದೆ.

ಉತ್ತರ – ಕೆರೆಏರಿ

ಒಂದು ಸೇರಿಸುತ್ತೇನೆ. ಆ ನೀಲಿ ಔಷಧ ಮೆಥಿಲೀನ್ ಬ್ಲೂ ಆಗಿದ್ದರೆ ಅದು ಸ್ಪಂಜಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ, ಹೀಗಾಗಿ ಮುಖ್ಯ ಟ್ಯಾಂಕಿಗೆ ಅದು ಯಾವತ್ತೂ ಬೇಡ. ಪರಿಚಯದವರ ಬಳಿ ತಿಂಗಳುಗಟ್ಟಲೆ ಓಡಿದ, ರೋಗವಿಲ್ಲದ ಟ್ಯಾಂಕ್ ಇದ್ದರೆ ಅದರ ಸ್ಪಂಜಿನ ತುಂಡು ತನ್ನಿ, ಅದೇ ಟ್ಯಾಂಕಿನ ನೀರಲ್ಲಿ ಮುಳುಗಿಸಿಯೇ ತರಬೇಕು, ಒಣಗಬಾರದು. ನಿಮ್ಮ ಫಿಲ್ಟರಿಗೆ ತುರುಕಿದರೆ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುವ ಕೆಲಸ ಎಷ್ಟೋ ಬೇಗ ಆಗುತ್ತದೆ.

ಹೊಸಟ್ಯಾಂಕ್ (9 ದಿನದ ನಂತರ)

ನೀರು ತಿಳಿಯಾಗಿದೆ, ಕೆಂಪು ಗೆರೆ ಮಾಸುತ್ತಿದೆ. ಅಮೋನಿಯಾ 0.5, ಆದರೆ ನೈಟ್ರೈಟ್ 1 ತೋರಿಸುತ್ತಿದೆ. ಒಂದು ಮೀನಿನ ಕಿವಿರಿನ ಮುಚ್ಚಳದ ಮೇಲೆ ಬಿಳಿ ಚುಕ್ಕೆ ಬಂದಿವೆ, ಬೇರೆಲ್ಲೂ ಇಲ್ಲ.

ಉತ್ತರ – ಸ್ಪಂಜ್‌ಫಿಲ್ಟರ್

ಒಳ್ಳೆ ಸುದ್ದಿ, ಮೊದಲ ಹಂತದ ಬ್ಯಾಕ್ಟೀರಿಯಾ ಕೂತಿದೆ. ಆದರೆ ನೈಟ್ರೈಟ್ ಸೇರಿದರೆ ರಕ್ತ ಆಮ್ಲಜನಕ ಹೊರಲಾರದು, ಕಿವಿರು ಕಂದು ಬಣ್ಣಕ್ಕೆ ತಿರುಗುತ್ತದೆ. ಲೀಟರಿಗೆ 1 ಗ್ರಾಂ ಲೆಕ್ಕದಲ್ಲಿ 45 ಗ್ರಾಂ ಕಲ್ಲುಪ್ಪನ್ನು ಬೇರೆ ಮಗ್‌ನಲ್ಲಿ ಕರಗಿಸಿ, ಮೂರು ಕಂತಿನಲ್ಲಿ ದಿನವಿಡೀ ಹಾಕಿ. ಉಪ್ಪಿನ ಕ್ಲೋರೈಡ್ ಕಿವಿರಿನಲ್ಲಿ ನೈಟ್ರೈಟ್ ಒಳಹೋಗದಂತೆ ತಡೆಯುತ್ತದೆ. ನೀರು ಆವಿಯಾದರೂ ಉಪ್ಪು ಅಲ್ಲೇ ಉಳಿಯುತ್ತದೆ, ಹಾಗಾಗಿ ಮಟ್ಟ ತುಂಬಿಸುವಾಗ ಉಪ್ಪು ಬೇಡ. 20 ಲೀಟರ್ ಬದಲಿಸಿದಾಗ ಮಾತ್ರ 20 ಗ್ರಾಂ ಸೇರಿಸಿ. ದಿನಾ ನೀರು ಬದಲಿಸುವುದು ಮುಂದುವರಿಯಲಿ.

ಚುಕ್ಕೆಗಳು ಮುಚ್ಚಳ ಮತ್ತು ಪಕ್ಕದ ಈಜುರೆಕ್ಕೆಯ ಮುಂದಂಚಿನಲ್ಲಿ ಮಾತ್ರ ಸಾಲಾಗಿದ್ದರೆ ಅದು ಗಂಡು ಮೀನಿನ ಪ್ರಾಯದ ಗುರುತು, ಮುಟ್ಟಬೇಡಿ. ಮೈ, ಬಾಲದ ಮೇಲೆಲ್ಲ ಪುಡಿಯುಪ್ಪು ಉದುರಿಸಿದ ಹಾಗೆ ಕಂಡು, ಮೀನು ಕಲ್ಲಿಗೆ ಮೈ ಉಜ್ಜತೊಡಗಿದರೆ ಆಗ ಇಕ್ ಅನ್ನುವ ಬಿಳಿ ಚುಕ್ಕೆ ರೋಗ, ತಕ್ಷಣ ಹೇಳಿ.

ಉತ್ತರ – ಕೆರೆಏರಿ

ಅಮೋನಿಯಾ, ನೈಟ್ರೈಟ್ ಎರಡೂ ಅಂಕಿ ಒಂದು ವಾರ ಸೊನ್ನೆಯಲ್ಲೇ ನಿಂತ ಮೇಲೆ ವಾರಕ್ಕೊಮ್ಮೆ 30ರಿಂದ 40% ನೀರು ಬದಲಿಸಿದರೆ ಸಾಕು. ಬದಲಿಸುವಾಗ ಹೊರತೆಗೆದ ಟ್ಯಾಂಕ್ ನೀರಲ್ಲೇ ಸ್ಪಂಜನ್ನು ಎರಡು ಸಲ ಹಿಂಡಿ, ಬಿಳಿಯಾಗುವವರೆಗೆ ಉಜ್ಜಬೇಡಿ. ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಒಂದು ಇರಲಿ. ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಬೇಕು: ಬೆಳೆದ ಎರಡು ಒರಾಂಡಾಗೆ 45 ಲೀಟರ್ ಸಾಲದು. 90×38×38 ಸೆಂ.ಮೀ. ಟ್ಯಾಂಕಿಗೆ ಈಗಿನಿಂದಲೇ ಜಾಗ ನೋಡಿ, ತುಂಬಿದಾಗ 130 ಕೆ.ಜಿ. ಮೀರುವ ಭಾರ, ಸ್ಟ್ಯಾಂಡ್ ಗಟ್ಟಿ ಇರಬೇಕು. ಟ್ಯಾಂಕ್ ಬದಲಿಸುವ ದಿನ ಹಳೇ ಫಿಲ್ಟರನ್ನು ಹಾಗೇ ಎತ್ತಿ ಹೊಸದರಲ್ಲಿ ಇಡಿ.