ಸಹಾಯ ಬೇಕು: ಡಿಕ್ಕಿಗೆ ಹಾಕಿದ ಬ್ಯಾಟರಿಗೆ ಎಷ್ಟು ಆಂಪ್ ಫ್ಯೂಸ್?

ಗಾಡಿ ಮಾರುತಿ ಎಸ್ಟೀಮ್, 1.3 ಪೆಟ್ರೋಲ್. ಬ್ಯಾಟರಿ ಈಗ ಡಿಕ್ಕಿಯಲ್ಲಿದೆ. ಪಾಸಿಟಿವ್ ಕೇಬಲ್ 35 ಚದರ ಮಿ.ಮೀ. ತಾಮ್ರ, 5 ಮೀಟರ್ ಹತ್ತಿರ, ಸೀಟಿನಡಿ ಹಾದು ನೇರ ಸ್ಟಾರ್ಟರ್‌ಗೆ. ಆಲ್ಟರ್ನೇಟರ್ ವೈರೂ ಅಲ್ಲೇ ಸೇರುತ್ತೆ. ತೂತುಗಳಿಗೆಲ್ಲ ರಬ್ಬರ್ ಗ್ರೊಮೆಟ್ ಇದೆ. ಆದರೂ ಫ್ಯೂಸ್ ಇಲ್ಲದೆ ಬಿಡೋಕೆ ಧೈರ್ಯ ಸಾಲದು, ಒಂದು ಕಡೆ ಸವೆದು ಬಾಡಿಗೆ ತಗುಲಿದರೆ ಬೆಂಕಿಯೇ.

ಬ್ಯಾಟರಿಯಿಂದ ಒಂದು ಗೇಣಿನೊಳಗೆ 150 ಆಂಪ್ ಬ್ರೇಕರ್ ಹಾಕಿ ನೋಡಾಯ್ತು. ಬೆಳಗಿನ ಚಳಿಯಲ್ಲಿ ಎರಡನೇ ಸಲ ಸೆಲ್ಫ್ ಹೊಡೆದರೆ ಟ್ರಿಪ್. ಓಡುವಾಗ ಟ್ರಿಪ್ ಆದರೆ ಇನ್ನೂ ಕೆಟ್ಟದ್ದು: ಆಲ್ಟರ್ನೇಟರ್‌ಗೆ ಬ್ಯಾಟರಿ ತಪ್ಪಿ, ವೋಲ್ಟೇಜ್ ಜಿಗಿದು ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಡಬಹುದು. ಅದಕ್ಕೇ ಬ್ರೇಕರ್ ತೆಗೆದೆ.

ಈಗ ಎಎನ್‌ಎಲ್ ಫ್ಯೂಸ್ (ಬೋಲ್ಟ್ ಹಾಕಿ ಕೂರಿಸೋ ದೊಡ್ಡ ಕರೆಂಟಿನ ಫ್ಯೂಸ್) ಯೋಚನೆ. 200 ಆಂಪ್‌ದು ಸ್ಟಾರ್ಟರ್ ಎಳೆತ ತಡೆಯುತ್ತಾ? 250 ಹಾಕಿದರೆ ಈ ಕೇಬಲ್‌ಗೆ ರಕ್ಷಣೆ ಉಳಿಯುತ್ತಾ? ಇಂಥದೇ ವೈರಿಂಗ್ ಮಾಡಿದವರು ಯಾವ ರೇಟಿಂಗ್ ಹಾಕಿದ್ದೀರಿ, ದಯವಿಟ್ಟು ತಿಳಿಸಿ.