ಫಾರಿನ್ ಕೀ, ಜಾಯಿನ್, ರಿಲೇಶನ್: ಕನ್ನಡದಲ್ಲಿ ಏನೆನ್ನೋಣ?

ನಮಸ್ಕಾರ.

ಡೇಟಾಬೇಸ್‌ನ ಎರಡು ಕೋಷ್ಟಕಗಳಲ್ಲಿ ಹಂಚಿಹೋದ ಮಾಹಿತಿಯನ್ನು ಒಟ್ಟಿಗೆ ತೋರಿಸುವುದನ್ನು ಕನ್ನಡದಲ್ಲಿ ಕಲಿಸಹೊರಟರೆ ಈ ಮೂರು ಪದಗಳೇ ತೊಡಕು.

‘ರಿಲೇಶನಲ್ ಡೇಟಾಬೇಸ್’ ಎನ್ನುವಾಗಿನ ‘ರಿಲೇಶನಲ್’ಗೆ ‘ಸಂಬಂಧಾತ್ಮಕ’ ಎಂದರೆ, ಕೋಷ್ಟಕಗಳ ನಡುವೆ ಸಂಬಂಧವಿರುವುದರಿಂದ ಈ ಹೆಸರು ಎಂದು ಓದುಗರು ತಿಳಿಯುತ್ತಾರೆ. ಅದು ತಪ್ಪು. 1970ರಲ್ಲಿ ಐಬಿಎಂನ ಇ. ಎಫ್. ಕಾಡ್ ಈ ಮಾದರಿಯನ್ನು ಮಂಡಿಸಿದಾಗ ‘ರಿಲೇಶನ್’ ಪದವನ್ನು ಗಣಿತದಿಂದ ತಂದರು. ಅದು ಸೂಚಿಸುವುದು ಹೆಚ್ಚುಕಡಿಮೆ ಕೋಷ್ಟಕವನ್ನೇ. ಕೋಷ್ಟಕ ಒಂದೇ ಇದ್ದರೂ ಅದು ರಿಲೇಶನ್. ಕೋಷ್ಟಕಗಳ ನಡುವಿನದು ರಿಲೇಶನ್‌ಶಿಪ್. ಅದಕ್ಕೆ ‘ನಂಟು’ ಎಂದರೆ ಗೊಂದಲ ತಪ್ಪುತ್ತದೆ.

ಫಾರಿನ್ ಕೀ, ಅಂದರೆ ಇನ್ನೊಂದು ಕೋಷ್ಟಕದ ಸಾಲನ್ನು ತೋರುವ ಅಂಕಣ (ಕಾಲಂ), ಇನ್ನೂ ಕಷ್ಟ. ‘ವಿದೇಶಿ ಕೀಲಿ’ ಏನನ್ನೂ ಹೇಳುವುದಿಲ್ಲ; ಉತ್ತರ ಕರ್ನಾಟಕದಲ್ಲಿ ಕೀಲಿ ಎಂದರೆ ಬೀಗವೇ, ತೆರೆಯುವುದು ಕೀಲಿಕೈ. ‘ವಚನಕಾರರು’, ‘ವಚನಗಳು’ ಎಂಬ ಎರಡು ಕೋಷ್ಟಕಗಳನ್ನು ತೆಗೆದುಕೊಳ್ಳಿ. ಪ್ರತಿ ವಚನದ ಸಾಲಿನಲ್ಲೂ ಅದು ಯಾರದೆಂದು ತೋರುವ ಒಂದು ಅಂಕಣ ಬೇಕು. ಅಂಕಿತ ಮಾಡುವ ಕೆಲಸವೂ ಇದೇ, ಹಾಗಾಗಿ ‘ಅಂಕಿತ’ವನ್ನೇ ಪದವಾಗಿಸುವ ಆಸೆಯಾಗುತ್ತದೆ. ಆದರೆ ಅಂಕಿತದ ಅಕ್ಷರಗಳನ್ನೇ ಗುರುತಾಗಿ ಬಳಸಿದರೆ ಜೋಡಣೆ ಕೆಡುತ್ತದೆ. ‘ಚೆನ್ನಮಲ್ಲಿಕಾರ್ಜುನ’, ‘ಚನ್ನಮಲ್ಲಿಕಾರ್ಜುನ’ ನಮಗೆ ಒಂದೇ, ಯಂತ್ರಕ್ಕೆ ಎರಡು. ‘ಗುಹೇಶ್ವರ’ದ ತೊಂದರೆ ಕಣ್ಣಿಗೂ ಕಾಣದು: ಯೂನಿಕೋಡ್‌ನಲ್ಲಿ ಹೇಕಾರದ ಏತ್ವದೀರ್ಘ ಒಂದೇ ಸಂಕೇತವಾಗಿಯೂ ಬರಬಹುದು, ಏತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರಬಹುದು. ಹೋಲಿಕೆ ಬೈಟ್‌ಗಳನ್ನಷ್ಟೇ ನೋಡುವಂತಿದ್ದರೆ ಆ ವಚನಗಳು ಅಲ್ಲಮನ ಕೆಳಗೆ ಬರುವುದೇ ಇಲ್ಲ. ಆದ್ದರಿಂದ ವಚನಕಾರರಿಗೆ ಒಂದೊಂದು ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನೇ ವಚನದ ಸಾಲಿನಲ್ಲಿ ಬರೆಯಬೇಕು. ಎರಡೂ ಕಡೆ ಅಂಕಣದ ಬಗೆ (ಸಂಖ್ಯೆಯೋ ಅಕ್ಷರವೋ ಎಂಬುದು) ಒಂದೇ ಇರಬೇಕು. ಮೊದಲ ಕೋಷ್ಟಕದಲ್ಲಿ ಅದು ‘ಮೂಲಗುರುತು’ (ಪ್ರೈಮರಿ ಕೀ), ಎರಡನೆಯದರಲ್ಲಿ ‘ಎರವಲು ಗುರುತು’ (ಫಾರಿನ್ ಕೀ) ಎನ್ನಬಹುದೇ?

ಜಾಯಿನ್‌ಗೆ ‘ಸೇರಿಸು’ ಬೇಡ, ಅದು ಹೊಸ ಸಾಲು ಹಾಕುವ ಇನ್ಸರ್ಟ್‌ಗೆ ಬೇಕು. ‘ಕೂಡಿಸು’ ಮೊತ್ತಕ್ಕೆ ಹೋಯಿತು. ‘ಜೋಡಿಸು’ ಸರಿಯಾಗಿ ಕೂರುತ್ತದೆ, ಏಕೆಂದರೆ ಇಲ್ಲಿ ನಡೆಯುವುದು ಸಾಲಿಗೆ ಸಾಲು ಜೋಡಿ ಹುಡುಕುವ ಕೆಲಸ. ಒಬ್ಬರಿಗೆ 3 ವಚನ, ಇನ್ನೊಂದು ಕೋಷ್ಟಕದಲ್ಲಿ 2 ಊರು ಇದ್ದು ಮೂರು ಕೋಷ್ಟಕಗಳನ್ನೂ ಒಟ್ಟಿಗೆ ಜೋಡಿಸಿದರೆ 6 ಸಾಲು ಬರುವುದೂ ಇದರಿಂದಲೇ.

ಲೆಫ್ಟ್ ಜಾಯಿನ್ ‘ಎಡಜೋಡಣೆ’ ಆದರೆ ಮುಖ್ಯ ವಿಷಯ ತಪ್ಪಿಹೋಗುತ್ತದೆ. ಎಡಗಡೆಯ, ಅಂದರೆ ಮೊದಲು ಹೆಸರಿಸಿದ ಕೋಷ್ಟಕದ, ಸಾಲಿಗೆ ಜೋಡಿ ಸಿಗದಿದ್ದರೂ ಅದು ಉಳಿಯುತ್ತದೆ, ಬಲಗಡೆ ಖಾಲಿ ಬರುತ್ತದೆ. ‘ಎಡ ಉಳಿಸುವ ಜೋಡಣೆ’ ಉದ್ದವಾದರೂ ನಿಜ ಹೇಳುತ್ತದೆ. ವಚನವಿಲ್ಲದ ವಚನಕಾರರನ್ನೂ ಪಟ್ಟಿಯಲ್ಲಿ ತೋರಿಸಬೇಕೆಂದು ಇದನ್ನು ಬಳಸಿ, ಆಮೇಲೆ ಸಾಲುಗಳನ್ನು ಸೋಸುವ ‘ವೇರ್’ ಭಾಗದಲ್ಲಿ ವಚನದ ವಿಷಯ ಇಂಥದ್ದೇ ಆಗಿರಬೇಕೆಂದರೆ, ಖಾಲಿ ಸಾಲುಗಳು ಆ ಪರೀಕ್ಷೆಯಲ್ಲಿ ಬಿದ್ದುಹೋಗಿ ಉಳಿಸಿದ್ದೆಲ್ಲ ವ್ಯರ್ಥ. ಆ ಷರತ್ತನ್ನು, ಜೋಡಿ ಹೇಗೆ ಹುಡುಕಬೇಕೆಂದು ಹೇಳುವ ‘ಆನ್’ ಭಾಗಕ್ಕೆ ಒಯ್ಯಬೇಕು. ಪದದಲ್ಲೇ ‘ಉಳಿಸು’ ಇದ್ದರೆ ಈ ತಪ್ಪು ಬೇಗ ಹೊಳೆಯುತ್ತದೆ ಎಂಬುದು ನನ್ನ ಎಣಿಕೆ.

ಡೇಟಾಬೇಸ್ ತಂತ್ರಾಂಶವಾದ ಲಿಬ್ರೆ ಆಫೀಸ್ ಬೇಸ್‌ನಲ್ಲಿ ಮೇಲೆ ಒಬ್ಬ ವಚನಕಾರ, ಕೆಳಗೆ ಅವರ ವಚನಗಳು ಕಾಣುವಂತೆ ಸಬ್‌ಫಾರಂ (ಫಾರಂನೊಳಗಿನ ಫಾರಂ) ಮಾಡುವಾಗ ‘ಮಾಸ್ಟರ್’, ‘ಸ್ಲೇವ್’ ಎಂಬ ಅಂಕಣಗಳನ್ನು ಕೇಳುತ್ತದೆ. ಖಾಲಿ ಬಿಟ್ಟರೆ ಪ್ರತಿಯೊಬ್ಬರ ಕೆಳಗೂ ಎಲ್ಲರ ವಚನಗಳೂ ಬರುತ್ತವೆ. ಒಡೆಯ, ಆಳು ಎನ್ನುವುದಕ್ಕೆ ಮನಸ್ಸು ಒಪ್ಪದು. ‘ತಾಯಿ ಫಾರಂ’, ‘ಮರಿ ಫಾರಂ’ ಸಾಕು.

ಉಳಿದ ಅನುಮಾನ ‘ಎರವಲು’ ಬಗ್ಗೆ. ಎರವಲು ತಂದದ್ದನ್ನು ಹಿಂದಿರುಗಿಸಬೇಕು; ಈ ಸಂಖ್ಯೆ ಹಿಂದಿರುಗುವುದಿಲ್ಲ, ಎರಡೂ ಕಡೆ ಇರುತ್ತದೆ. ಆ ಛಾಯೆ ನಿಮ್ಮ ಕಡೆಯ ಮಾತಿನಲ್ಲಿ ಅಡ್ಡ ಬರುತ್ತದೆಯೇ? ಬರುವುದಾದರೆ ಬದಲಿಗೆ ಯಾವ ಪದ ಬಳಸುತ್ತೀರಿ?